ನಡೆಯದ ಅರವತ್ತು ತರಗತಿಗಳು

೧

ಈ ಕಥೆ ಯಾವ ತಿಂಗಳಲ್ಲಿ ಶುರುವಾಗಬೇಕು ಎಂಬ ವಿಷಯದಲ್ಲಿ ನನಗೂ ಕಾಗದಪತ್ರಗಳಿಗೂ ಜಗಳ. ಹಾಜರಿ ಪುಸ್ತಕವನ್ನು ನಂಬುವುದಾದರೆ ಅದು ೨೦೦೩ನೇ ಇಸವಿಯ ಆಗಸ್ಟ್ ನಾಲ್ಕು, ಸೋಮವಾರ, ಮಧ್ಯಾಹ್ನ ಮೂರೂವರೆಗೆ ಶುರು. ಅಂದು ಕಾರ್ಕಳದ ಒಂದು ಸರಕಾರಿ ಕಾಲೇಜಿನ ಏಳನೇ ಕೋಣೆಯಲ್ಲಿ, ಇಂಗ್ಲಿಷಿನಲ್ಲಿ ಹಿಂದೆ ಬಿದ್ದ ಇಪ್ಪತ್ತೆರಡು ವಿದ್ಯಾರ್ಥಿಗಳಿಗೆ ಮೊದಲ ವಿಶೇಷ ತರಗತಿ ನಡೆಯಿತು. ವಿಷಯ, ಸರಳ ವಾಕ್ಯ. ಶಿಕ್ಷಕಿ, ವೆರೊನಿಕಾ. ಕಣ್ಣಿಗೆ ಕಂಡದ್ದನ್ನು ನಂಬುವುದಾದರೆ ಅಂದು ಮೂರೂವರೆಗೆ ಏಳನೇ ಕೋಣೆಗೆ ಬೀಗ ಹಾಕಿತ್ತು, ಒಳಗೆ ಮುರಿದ ಬೆಂಚುಗಳನ್ನು ರಾಶಿ ಹಾಕಿದ್ದರು, ವೆರೊನಿಕಾ ಬಸ್‌ಸ್ಟ್ಯಾಂಡಿನಲ್ಲಿ ಶಿರ್ವದ ಬಸ್ಸಿಗೆ ಕಾಯುತ್ತಿದ್ದಳು.

ಹಾಗಾದರೆ ೨೦೦೪ರ ಫೆಬ್ರವರಿ ಇಪ್ಪತ್ತಕ್ಕೆ ಶುರು ಮಾಡೋಣ. ದೆಹಲಿಯ ಒಂದು ಕಚೇರಿಯಿಂದ ಮಂಜೂರಾತಿ ಪತ್ರ ಬಂದ ದಿನ ಅದು. ಆಗಲೂ ತೊಡಕೇ. ಫೆಬ್ರವರಿಯಲ್ಲಿ ಹುಟ್ಟಿದ ಕಥೆ ಆಗಸ್ಟಿನಿಂದ ನಡೆದುಕೊಂಡು ಬಂದಂತೆ ಕಾಣಬೇಕು. ಕಾಲವನ್ನು ಹಿಂದೆ ಮುಂದೆ ಮಾಡುವ ವಿದ್ಯೆ ಕಥೆಗಾರರ ಸ್ವತ್ತು ಎಂದು ನಾನು ತಿಳಿದಿದ್ದೆ. ಆ ಕಾಲೇಜಿನ ಗುಮಾಸ್ತ ಸುಂದರನಿಗೆ ಅದು ನನಗಿಂತ ಚೆನ್ನಾಗಿ ಬರುತ್ತದೆ.

(ಮೊದಲೇ ಹೇಳಿಬಿಡುತ್ತೇನೆ. ಇದು ಸರಕಾರಿ ಅನುದಾನದ ಕಥೆ. ಪ್ರೇಮವಿಲ್ಲ, ಕೊಲೆಯಿಲ್ಲ. ಪುಟ ತಿರುಗಿಸಿ ಹೋಗುವವರು ಈಗಲೇ ಹೋಗಬಹುದು, ನನಗೆ ಬೇಸರವಿಲ್ಲ. ಸ್ವಲ್ಪ ಉಂಟು.)

೨

ಬಿಸಾಡಿದ ಕರಡುಗಳ ಬಗ್ಗೆ ಎರಡು ಮಾತು.

ಮೊದಲನೆಯದರಲ್ಲಿ ಸವಿತಾ ಎಂಬ ಹುಡುಗಿಯ ಅಪ್ಪ ಅಮ್ಮ ಮಣಿಪಾಲದಲ್ಲಿ ಒಂದು ದೊಡ್ಡ ಗ್ರಂಥಾಲಯ ಕಟ್ಟುವ ಕೆಲಸದಲ್ಲಿದ್ದರು. ಮಗಳಿಗೆ ಓದಲು ಪುಸ್ತಕವಿಲ್ಲ, ಹೆತ್ತವರು ಹೊರುವುದು ಗ್ರಂಥಾಲಯದ ಕಲ್ಲು. ಓದಿದವರು ಕಣ್ಣೊರೆಸಿಕೊಳ್ಳಲಿ ಎಂಬ ಆಸೆ ನನಗೆ. ಬರೆದು ಎರಡು ದಿನ ಖುಷಿಯಾಗಿದ್ದೆ. ಮೂರನೇ ದಿನ ನನಗೇ ನಾಚಿಕೆಯಾಗಿ ಹೊಡೆದುಹಾಕಿದೆ. ಅವರು ಕಟ್ಟುತ್ತಿದ್ದದ್ದು ಒಂದು ಅಪಾರ್ಟ್‌ಮೆಂಟು. ನಾಲ್ಕು ಮಹಡಿ, ಕೆಳಗೆ ಕಾರು ನಿಲ್ಲಿಸುವ ಜಾಗ.

ಎರಡನೆಯ ಕರಡಿನಲ್ಲಿ ವೆರೊನಿಕಾ ತುಂಬ ಒಳ್ಳೆಯವಳಾಗಿದ್ದಳು. ಅದನ್ನು ಅವಳೇ ಬೇಡವೆಂದಳು. ಅವಳ ಮಾತನ್ನು ಇದ್ದ ಹಾಗೇ ಕೊಡುತ್ತೇನೆ.

"ನೀವು ನನ್ನನ್ನು ಒಳ್ಳೆಯವಳು ಮಾಡಲು ಹೋಗಬೇಡಿ ಮಾರಾಯ್ರೆ. ಚೆಕ್ ನನ್ನ ಹೆಸರಿಗೆ ಬಂದದ್ದು. ನಾನು ತೆಗೆದುಕೊಂಡಿದ್ದೇನೆ."

ಪಾತ್ರವೇ ಹೀಗೆ ಹೇಳಿದ ಮೇಲೆ ಲೇಖಕನಿಗೆ ಉಳಿಯುವ ಕೆಲಸ ಕಡಿಮೆ.

೩

ವೆರೊನಿಕಾ ಕಾಪು ಹತ್ತಿರದ ಇನ್ನಂಜೆಯವಳು. ಇಂಗ್ಲಿಷ್ ಎಂ.ಎ. ಕಾರ್ಕಳದ ಕಾಲೇಜಿನಲ್ಲಿ ಆರು ವರ್ಷದಿಂದ ಅರೆಕಾಲಿಕ ಉಪನ್ಯಾಸಕಿ. ಅಂದರೆ ಗಂಟೆ ಲೆಕ್ಕದ ಸಂಬಳ, ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ, ಸ್ಟಾಫ್ ರೂಮಿನಲ್ಲಿ ಬಾಗಿಲ ಪಕ್ಕದ ಕುರ್ಚಿ. ದಿನಕ್ಕೆ ಎರಡು ಬಸ್ಸು ಹಿಡಿದು ಹೋಗಬೇಕು, ಎರಡು ಬಸ್ಸು ಹಿಡಿದು ಬರಬೇಕು. ಆದರೂ ಕೆಲಸದ ಮೇಲೆ ಅವಳಿಗೆ ಪ್ರೀತಿ ಇತ್ತು. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುತ್ತಿರಲಿಲ್ಲ, ಅರೆಕಾಲಿಕದವರು ಪ್ರೀತಿ ತೋರಿಸಿದರೆ ಉಳಿದವರು ನಗುತ್ತಾರೆ.

ಎರಡನೇ ಬಿ.ಎ.ಯಲ್ಲಿ ಸವಿತಾ ಇದ್ದಳು. ಬಾದಾಮಿ ಕಡೆಯಿಂದ ಬಂದವರ ಮಗಳು. ಅಪ್ಪ ಬೀರಪ್ಪ, ಅಮ್ಮ ಯಂಕವ್ವ ಮಣಿಪಾಲದಲ್ಲಿ ಕಾಂಕ್ರೀಟ್ ಕೆಲಸಕ್ಕೆ ಹೋದರೆ, ಇವಳು ಕಾರ್ಕಳದಲ್ಲಿ ಸರಕಾರಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಇತಿಹಾಸದಲ್ಲಿ ಕ್ಲಾಸಿಗೇ ಮೊದಲು. ಕನ್ನಡದಲ್ಲಿ ಎಂಬತ್ತರ ಮೇಲೆ. ಇಂಗ್ಲಿಷಿನಲ್ಲಿ ಮಾತ್ರ ಉತ್ತರ ಪತ್ರಿಕೆ ಅರ್ಧಕ್ಕರ್ಧ ಖಾಲಿ. ಪ್ರತಿ ಪಾಠ ಮುಗಿದ ಮೇಲೆ ವೆರೊನಿಕಾಳ ಹಿಂದೆಯೇ ಜಗಲಿಗೆ ಬಂದು ನಿಲ್ಲುತ್ತಿದ್ದಳು. ಪಾಠ ತಿಳಿಯುತ್ತದೆ, ಬರೆಯಲು ಕೂತರೆ ಒಂದು ಸಾಲೂ ಹುಟ್ಟುವುದಿಲ್ಲ ಎಂಬುದು ಅವಳ ದೂರು. ಅವಳ ಕ್ಲಾಸಿನಲ್ಲಿ ಅಂಥವರು ಇಪ್ಪತ್ತೆರಡು ಮಂದಿ ಇದ್ದರು. ಕಲ್ಲುಕೋರೆಯವರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು, ಮನೆಯಲ್ಲಿ ಇಂಗ್ಲಿಷಿನ ಗಾಳಿ ಬೀಸದವರು.

ಇಂಥವರಿಗೆ ಕಾಲೇಜಿನ ಸಮಯದ ಆಚೆ ಪಾಠ ಮಾಡಿಸಲು ದೆಹಲಿಯಲ್ಲಿ ದುಡ್ಡು ಉಂಟು ಎಂದು ವೆರೊನಿಕಾಳಿಗೆ ಗೊತ್ತಾಯಿತು. ಅವಳೇ ಅರ್ಜಿ ತಯಾರು ಮಾಡಿ, ಪ್ರಿನ್ಸಿಪಾಲರ ಸಹಿ ಮಾಡಿಸಿ ಕಳಿಸಿದಳು. ಅರವತ್ತು ಗಂಟೆಯ ಪಾಠ. ಒಂದು ವರ್ಷ ಉತ್ತರವಿಲ್ಲ. ಮತ್ತೆ ಕಳಿಸಿದಳು. ಕೊನೆಗೆ ಬಂತು. ಮಾರ್ಚ್ ಮೂವತ್ತೊಂದರೊಳಗೆ ಖರ್ಚಾಗದಿದ್ದರೆ ಹಣ ವಾಪಸು ಎಂದು ಕೊನೆಯ ಸಾಲಿನಲ್ಲಿತ್ತು. ಪರೀಕ್ಷೆ ಏಪ್ರಿಲ್ ಏಳಕ್ಕೆ. ಉಳಿದ ಐದಾರು ವಾರದಲ್ಲಿ ಅರವತ್ತು ಗಂಟೆ ಹಿಡಿಸುವಂತಿರಲಿಲ್ಲ.

೪

ಇಲ್ಲಿ ಸುಂದರ ಬರುತ್ತಾನೆ. ಅವನನ್ನು ಕೆಟ್ಟವನು ಮಾಡಲು ನಾನು ತುಂಬ ಪ್ರಯತ್ನಪಟ್ಟೆ, ಆಗಲಿಲ್ಲ. ಅವನಿಗೆ ಇದರಲ್ಲಿ ಒಂದು ಬಿಡಿಗಾಸೂ ಇರಲಿಲ್ಲ. ಬಂದ ಅನುದಾನ ವಾಪಸು ಹೋದರೆ ಮುಂದೆ ಬರುವುದೇ ಇಲ್ಲ ಎಂಬುದು ಅವನ ಇಪ್ಪತ್ತು ವರ್ಷದ ಅನುಭವ. ಅದು ನಿಜ ಕೂಡ. ಈ ವರ್ಷ ಹೇಗಾದರೂ ಕಾಗದ ಸರಿ ಮಾಡುವ, ಮುಂದಿನ ಜೂನ್‌ನಿಂದ ಬೇಕಾದಷ್ಟು ಪಾಠ ಮಾಡಿ ಎಂದು ಅವನು ವೆರೊನಿಕಾಳಿಗೆ ತಿಳಿಸಿ ಹೇಳಿದ. ಪ್ರಿನ್ಸಿಪಾಲರು ಕಿಟಕಿಯಿಂದ ಹೊರಗೆ ನೋಡುತ್ತ ತಲೆ ಆಡಿಸಿದರು.

ಮಾರ್ಚ್ ಎರಡನೇ ವಾರದ ಮೂರು ಮಧ್ಯಾಹ್ನ ಇಪ್ಪತ್ತೆರಡು ಮಂದಿಯನ್ನೂ ಲೈಬ್ರರಿಯಲ್ಲಿ ಕೂರಿಸಿ ಸಹಿ ಹಾಕಿಸಿದರು. ಒಬ್ಬೊಬ್ಬರದು ಅರವತ್ತು ಸಹಿ. ಸುಂದರ ಪೆನ್ನುಗಳ ಒಂದು ಡಬ್ಬಿಯೇ ತಂದಿದ್ದ. ಆಗಸ್ಟಿಗೆ ನೀಲಿ, ಸೆಪ್ಟೆಂಬರಿಗೆ ಕಪ್ಪು, ದಸರಾ ರಜೆಯ ನಂತರ ಸ್ವಲ್ಪ ಮಸಿ ಕಾರುವ ಪೆನ್ನು. ಎಂಟು ತಿಂಗಳು ಒಂದೇ ಪೆನ್ನಿನಲ್ಲಿ ಬರೆದರೆ ಆಡಿಟ್‌ನವರಿಗೆ ಸಂಶಯ ಬರುತ್ತದಂತೆ. ಎಲ್ಲರೂ ಎಲ್ಲ ದಿನ ಬಂದಿದ್ದರೂ ಸಂಶಯ ಬರುತ್ತದೆ. ಹಾಗಾಗಿ ಒಬ್ಬೊಬ್ಬರಿಗೆ ನಾಲ್ಕೈದು ದಿನ ಗೈರುಹಾಜರಿಯನ್ನೂ ಹಂಚಿದ.

ಸವಿತಾ ಒಪ್ಪಲಿಲ್ಲ. ಪೆನ್ನು ಕೆಳಗಿಟ್ಟು ಎದ್ದು ನಿಂತಳು.

"ನಾ ಒಂದ ದಿನಾನೂ ಕ್ಲಾಸ್ ತಪ್ಪಿಸಿದಾಕಿ ಅಲ್ರಿ ಮೇಡಂ. ನನಗ ಗೈರುಹಾಜರಿ ಹಾಕಬ್ಯಾಡ್ರಿ."

ಸುಂದರ ನಕ್ಕ. ಹುಡುಗರೂ ನಕ್ಕರು. ವೆರೊನಿಕಾ ನಗಲಿಲ್ಲ. ಸವಿತಾಳಿಗೆ ಅರವತ್ತಕ್ಕೆ ಅರವತ್ತು ಹಾಜರಿ ಇರಲಿ ಎಂದಳು. ನಡೆಯದ ಕ್ಲಾಸಿಗೆ ಪೂರ್ತಿ ಹಾಜರಾದವಳು ಅವಳೊಬ್ಬಳೇ.

೪, ಮತ್ತೊಮ್ಮೆ

(ನೀವು ಕೇಳುತ್ತೀರಿ, ನನಗೆ ಗೊತ್ತು. ಸಹಿ ಹಾಕಿಸಲು ಮೂರು ಮಧ್ಯಾಹ್ನ ಸಿಕ್ಕಿತಲ್ಲ, ಆ ಮೂರು ಮಧ್ಯಾಹ್ನ ಪಾಠವನ್ನೇ ಮಾಡಬಹುದಿತ್ತಲ್ಲ? ನಾನೂ ವೆರೊನಿಕಾಳನ್ನು ಇದನ್ನೇ ಕೇಳಿದೆ.  "ಆಗ ಅದು ಹೊಳೆಯಲೇ ಇಲ್ಲ," ಎಂದಳು. ಇದಕ್ಕಿಂತ ಒಳ್ಳೆಯ ಉತ್ತರ ಅವಳ ಬಾಯಲ್ಲಿ ಇಡಲು ನೋಡಿದೆ. ಯಾವುದೂ ಇದರಷ್ಟು ಭಯ ಹುಟ್ಟಿಸಲಿಲ್ಲ.)

ಹಾಜರಿ ಪುಸ್ತಕದಲ್ಲಿ ಇನ್ನೊಂದು ಅಂಕಣವಿತ್ತು, ಬೋಧಿಸಿದ ವಿಷಯ. ಅದನ್ನು ತುಂಬುವ ಕೆಲಸ ವೆರೊನಿಕಾಳದು. ಕಾಟಾಚಾರಕ್ಕೆ ನಾಲ್ಕು ವಿಷಯ ತಿರುಗಿಸಿ ಮುರುಗಿಸಿ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳು ಮಾತ್ರ ಒಂದು ಭಾನುವಾರ ಇಗರ್ಜಿಯಿಂದ ಬಂದವಳೇ ಕೂತು, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ನಿಧಾನಿಸಬೇಕು, ಎಲ್ಲಿ ಮತ್ತೆ ಹೇಳಬೇಕು ಎಂದೆಲ್ಲ ಯೋಚಿಸಿ ಅರವತ್ತು ಪಾಠಗಳ ಪಟ್ಟಿ ಮಾಡಿದಳು. ಅವಳ ಆರು ವರ್ಷದ ನೌಕರಿಯಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸ ಅದು. ಸಹಿ ಹಾಕುತ್ತ ಹಾಕುತ್ತ ಸವಿತಾ ಆ ಪಟ್ಟಿಯನ್ನು ಪೂರ್ತಿಯಾಗಿ ತನ್ನ ನೋಟ್ ಪುಸ್ತಕಕ್ಕೆ ಇಳಿಸಿಕೊಂಡಳು. ಮುಂದಿನ ವರ್ಷ ಇದನ್ನೆಲ್ಲ ನಿಜವಾಗಿ ಮಾಡುವ ಎಂದು ವೆರೊನಿಕಾ ಅವಳಿಗೆ ಮಾತು ಕೊಟ್ಟಳು.

೫

ಈಗ ತಪ್ಪಿನ ಭಾಗ. ಸುಳ್ಳು ಸಹಿ ತಪ್ಪಲ್ಲವೇ ಎಂದರೆ, ಅದು ತಪ್ಪೇ. ಆದರೆ ಕೊಟ್ಟ ಮಾತನ್ನು ಕೊಂದದ್ದು ಅದಲ್ಲ.

ದೆಹಲಿಗೆ ಕಳಿಸುವ ವರದಿಯಲ್ಲಿ ಪ್ರತಿ ವಿದ್ಯಾರ್ಥಿಯ ಮುಂದೆ ಒಂದು ಷರಾ ಬರೆಯಬೇಕಿತ್ತು. ಸುಧಾರಿಸಿದ್ದಾರೆ, ಸ್ವಲ್ಪ ಸುಧಾರಿಸಿದ್ದಾರೆ, ಸುಧಾರಿಸಿಲ್ಲ. ಸುಂದರ ಅರ್ಧರ್ಧ ಹಂಚುವ ಎಂದ. ವೆರೊನಿಕಾ ಕೇಳಲಿಲ್ಲ. ಮುಂದಿನ ವರ್ಷದ ಹಣ ಬರಬೇಕಾದರೆ ಈ ವರ್ಷದ್ದು ಫಲ ಕೊಟ್ಟಿದೆ ಎಂದು ತೋರಿಸಬೇಡವೇ? ಕೊಟ್ಟವರಿಗೆ ಕೊಟ್ಟದ್ದು ಸಾರ್ಥಕ ಅನ್ನಿಸಬೇಡವೇ? ಒಳ್ಳೆಯ ಮಾರ್ಕು ತಂದವರಿಗೇ ಬಹುಮಾನ ಕೊಡುವ ಊರಿನಲ್ಲಿ ಬೆಳೆದ ಶಿಕ್ಷಕಿ ಹಾಗಲ್ಲದೆ ಬೇರೆ ಹೇಗೆ ಯೋಚಿಸಿಯಾಳು? ಇಪ್ಪತ್ತೆರಡು ಹೆಸರಿನ ಮುಂದೆಯೂ ಗಣನೀಯವಾಗಿ ಸುಧಾರಿಸಿದ್ದಾರೆ ಎಂದು ದುಂಡಗೆ ಬರೆದಳು.

ಜೂನ್‌ನಲ್ಲಿ ಫಲಿತಾಂಶ ಬಂತು. ಸವಿತಾಳಿಗೆ ಇಂಗ್ಲಿಷಿನಲ್ಲಿ ಮೂವತ್ತೊಂದು. ಪಾಸಿಗೆ ಮೂವತ್ತೈದು ಬೇಕು. ಫೇಲಾದವರಿಗೆ ಹಾಸ್ಟೆಲ್ಲಿನಲ್ಲಿ ಜಾಗವಿಲ್ಲ. ಅಕ್ಟೋಬರಿನಲ್ಲಿ ಪರೀಕ್ಷೆಗೆ ಮತ್ತೆ ಕೂರಬಹುದು, ಪಾಸಾದರೆ ಜಾಗ ವಾಪಸು ಸಿಗಬಹುದು, ಅಷ್ಟರವರೆಗೆ ಎಲ್ಲಿರುವುದು ಎಂಬುದು ಅವಳ ಪಾಡು. ವಿಶೇಷ ತರಗತಿ ಯಾವಾಗ ಶುರುವಾಗುತ್ತದೆ ಎಂದು ಕೇಳಿಕೊಂಡು ಅವಳು ನಾಲ್ಕು ಸಲ ಕಾಲೇಜಿಗೆ ಬಂದಳು. ನೋಟ್ ಪುಸ್ತಕ ಕೈಯಲ್ಲೇ ಇರುತ್ತಿತ್ತು.

ಜುಲೈಯಲ್ಲಿ ದೆಹಲಿಯ ಉತ್ತರ. ವರದಿ ಓದಿ ಅವರಿಗೆ ಬಹಳ ಸಂತೋಷವಾಗಿತ್ತು. ಕಾಲೇಜನ್ನು ಅಭಿನಂದಿಸಿದ್ದರು. ಗುರುತಿಸಿದ ಎಲ್ಲ ವಿದ್ಯಾರ್ಥಿಗಳೂ ಸುಧಾರಿಸಿರುವುದರಿಂದ ಯೋಜನೆಯ ಉದ್ದೇಶ ಈಡೇರಿದೆ, ಆದ್ದರಿಂದ ಈ ವರ್ಷದ ಅನುದಾನವನ್ನು ಇನ್ನೂ ಸುಧಾರಿಸದ ಕಾಲೇಜುಗಳಿಗೆ ಕೊಡಲಾಗುವುದು.

ವೆರೊನಿಕಾ ಆ ಪತ್ರವನ್ನು ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ಓದಿದಳು. ಮತ್ತೊಮ್ಮೆ ಮೊದಲಿನಿಂದ ಓದಿದಳು.

೬

ಕಥೆ ಇಲ್ಲಿಗೆ ಬಂದು ಕೆಸರಿನಲ್ಲಿ ಹೂತ ಲಾರಿಯ ಹಾಗೆ ನಿಂತಿದೆ. ಎಬ್ಬಿಸಲು ನಾನು ಕೆಲವು ಮುಕ್ತಾಯಗಳನ್ನು ಬರೆದು ನೋಡಿದ್ದೇನೆ.

ಮುಕ್ತಾಯ ಅ. ವೆರೊನಿಕಾ ಧೈರ್ಯ ಮಾಡಿ ದೆಹಲಿಗೆ ನಿಜ ಬರೆಯುತ್ತಾಳೆ. ತರಗತಿ ನಡೆದಿಲ್ಲ, ಸಹಿಗಳೆಲ್ಲ ಸುಳ್ಳು. ಓದಲು ಚೆನ್ನಾಗಿದೆ. ವಿಚಾರಣೆಗೆ ಜನ ಬರುತ್ತಾರೆ. ಅವರು ಮೊದಲು ಕೇಳುವುದು ಅರವತ್ತು ಸುಳ್ಳು ಸಹಿ ಹಾಕಿದವರು ಯಾರು ಎಂದು. ಹಾಜರಿ ಪುಸ್ತಕದಲ್ಲಿ ಪೂರಾ ಅರವತ್ತು ಇರುವುದು ಒಬ್ಬಳದ್ದೇ. ವೆರೊನಿಕಾ ಪತ್ರವನ್ನು ಎರಡು ಸಲ ಬರೆದು ಎರಡು ಸಲವೂ ಹರಿದಳು. ಹುಡುಗಿಯನ್ನು ಉಳಿಸಲು ಹರಿದಳೋ ತನ್ನನ್ನೋ ಎಂದು ನಾನು ಕೇಳಿದೆ. ಗೊತ್ತಿಲ್ಲ, ಎರಡೂ ಇರಬಹುದು ಎಂದಳು. ಆ ಅರವತ್ತು ಗಂಟೆಗೆ ಬಂದ ಗೌರವಧನದ ಚೆಕ್ಕಿನಲ್ಲಿ ಅವಳು ಮಂಗಳೂರಿಗೆ ಹೋಗಿ ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ ಕೋಚಿಂಗ್ ತೆಗೆದುಕೊಂಡಿದ್ದಳು. ಅದರಲ್ಲಿ ಪಾಸಾಗಲಿಲ್ಲ. (ಇದನ್ನು ಬರೆಯಬೇಡಿ ಎಂದಿದ್ದಳು.)

ಮುಕ್ತಾಯ ಆ. ಇದು ನನ್ನ ಪ್ರೀತಿಯದ್ದು. ಅನುದಾನ ಇಲ್ಲದಿದ್ದರೆ ಬೇಡ, ವೆರೊನಿಕಾ ತಾನೇ ಕಲಿಸುತ್ತಾಳೆ. ಶನಿವಾರ ಮಧ್ಯಾಹ್ನ, ಏಳನೇ ಕೋಣೆ. ಬೀಗ ತೆಗೆದಿದ್ದಾರೆ, ಮುರಿದ ಬೆಂಚುಗಳನ್ನು ಗೋಡೆಗೆ ಸರಿಸಿದ್ದಾರೆ. ಬೋರ್ಡಿನ ಮೇಲೆ ಮೊದಲ ಪಾಠ. ನಿನ್ನ ಅಮ್ಮ ಎಂತ ಕೆಲಸ ಮಾಡುವುದು, ಅದನ್ನು ಬರೆ ಎನ್ನುತ್ತಾಳೆ ವೆರೊನಿಕಾ. ಸವಿತಾ ಬಹಳ ಹೊತ್ತು ಯೋಚಿಸಿ, ಮೈ ಮದರ್ ಕ್ಯಾರೀಸ್ ಸ್ಯಾಂಡ್ ಎಂದು ಬರೆಯುತ್ತಾಳೆ. ತಪ್ಪಿಲ್ಲ. ಕೆಳಗೆ ಇನ್ನೊಂದು ಸಾಲು ಹುಟ್ಟುತ್ತದೆ. ಮತ್ತೊಂದು. ಕಿಟಕಿಯಿಂದ ಬಿಸಿಲು ಬಂದು ಅವಳ ಪುಸ್ತಕದ ಮೇಲೆ

ಇಷ್ಟು ಬರೆಯುವಾಗ ಸವಿತಾ ನನ್ನನ್ನು ತಡೆದಳು.

"ಈ ಕ್ಲಾಸ್ ಯಾವತ್ತ ಆತ್ರಿ ಸರ?"

ಆಗಿಲ್ಲ, ನಾನು ಬರೆದದ್ದು ಎಂದೆ.

"ಹಂಗಾರ ಸುಂದರಣ್ಣಾರು ಮಾಡಿದ್ದೂ ನೀವು ಮಾಡಾಕತ್ತಿದ್ದೂ ಒಂದ ಆತಲ್ರಿ. ಇದಕ್ಕೂ ನನ್ನ ಸಹಿ ಬೇಕೇನ್ರಿ?"

ನಾನು ಪೆನ್ನು ಕೆಳಗಿಟ್ಟೆ. ಆ ಶನಿವಾರ ಹಾಗೇ ಅರ್ಧಕ್ಕೆ ಬಿದ್ದಿದೆ, ಮುಗಿಸುವ ಮುಖ ನನಗಿಲ್ಲ. ಕಲಿಸಲು ವೆರೊನಿಕಾ ತಯಾರಿದ್ದಳು, ಅದು ನಿಜ. ಆದರೆ ಹಾಸ್ಟೆಲ್ ಬಿಟ್ಟ ವಾರವೇ ಸವಿತಾಳನ್ನು ತಾಯಿ ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದಳು.

ಮುಕ್ತಾಯ ಇ. ಬರೆದಿಲ್ಲ.

೭

ಆದದ್ದು ಇಷ್ಟು. ಸೆಪ್ಟೆಂಬರಿನ ಒಂದು ಶನಿವಾರ ವೆರೊನಿಕಾ ಒಂದು ವ್ಯಾಕರಣದ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಹಿಡಿದುಕೊಂಡು ಮಣಿಪಾಲಕ್ಕೆ ಹೋದಳು. ಪರೀಕ್ಷೆಗೆ ಇನ್ನೂ ಒಂದು ತಿಂಗಳು ಇತ್ತು. ವಾರಕ್ಕೆ ಎರಡು ದಿನ ತಾನೇ ಬಂದು ಹೇಳಿಕೊಟ್ಟರೆ ನಾಲ್ಕು ಮಾರ್ಕು ಎಂತ ದೊಡ್ಡದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಳು. ಅವಳ ಮನಸ್ಸು ಸ್ವಲ್ಪ ಹಗುರವೂ ಆಗಿತ್ತು.

ಕೆಲಸದವರು ಊಟಕ್ಕೆ ಬಿಟ್ಟಿದ್ದರು. ಸವಿತಾ ತಲೆಗೆ ಟವೆಲ್ ಸುತ್ತಿಕೊಂಡು ಸಿಮೆಂಟಿನ ಬುಟ್ಟಿ ತೊಳೆಯುತ್ತಿದ್ದಳು. ಮೇಡಂ ಬಂದದ್ದು ನೋಡಿ ಎದ್ದು ನಿಂತಳು. ಯಂಕವ್ವ ಓಡಿ ಬಂದು ಒಂದು ಮಗುಚಿದ ಡಬ್ಬದ ಮೇಲೆ ಚೀಲ ಹಾಸಿ ವೆರೊನಿಕಾಳನ್ನು ಕೂರಿಸಿದಳು. ತಿನ್ನಿ ಎಂದು ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟಳು. ಆಮೇಲೆ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೈ ಮುಗಿದಳು.

ಜುಲೈಯಲ್ಲಿ ಹಾಸ್ಟೆಲ್ ಜಾಗ ಕೇಳಲು ಅವಳು ಕಾಲೇಜಿಗೆ ಹೋಗಿದ್ದಳಂತೆ. ಪ್ರಿನ್ಸಿಪಾಲರು ಹಾಜರಿ ಪುಸ್ತಕ ತರಿಸಿ ತೋರಿಸಿದರಂತೆ. ಅವಳಿಗೆ ಓದು ಬರುವುದಿಲ್ಲ, ಸುಂದರ ಓದಿ ಹೇಳಿದನಂತೆ. ನಿನ್ನ ಮಗಳಿಗೆ ಸರಕಾರದ ಖರ್ಚಿನಲ್ಲಿ ಅರವತ್ತು ದಿನ ಬೇರೆ ಕೂರಿಸಿ ಪಾಠ ಮಾಡಿದ್ದಾರೆ, ಒಂದು ದಿನ ತಪ್ಪಿಸಿಲ್ಲ, ಆದರೂ ಫೇಲಾಗಿದ್ದಾಳೆ, ಕಾಲೇಜು ಇನ್ನೆಂತ ಮಾಡುವುದು?

"ನೀವು ಭಾಳ ಕಲಸೀರಿ ಅಕ್ಕಾರ," ಎಂದಳು ಯಂಕವ್ವ. "ಅಕಿ ತಲ್ಯಾಗ ಹೋಗಲಿಲ್ಲ. ನಿಮ್ಮದೇನ ತಪ್ಪಿಲ್ರಿ. ನಮ್ಮ ಕೂಸ ದಡ್ಡ."

ಸವಿತಾ ಬುಟ್ಟಿ ಹಿಡಿದುಕೊಂಡು ವೆರೊನಿಕಾಳ ಮುಖವನ್ನೇ ನೋಡುತ್ತಿದ್ದಳು.

ಇಲ್ಲಿ ನಾನು ಮೂರು ಸಲ ವೆರೊನಿಕಾಳ ಬಾಯಿ ತೆರೆಸಿದೆ. ನಾನು ಏನೂ ಕಲಿಸಿಲ್ಲ ಯಂಕವ್ವ, ನಿಮ್ಮ ಮಗಳು ದಡ್ಡಿಯಲ್ಲ. ಇಷ್ಟೇ ಮಾತು. ಮೂರು ಸಲವೂ ಬರೆದದ್ದನ್ನು ಹೊಡೆದುಹಾಕಬೇಕಾಯಿತು. ಅಕ್ಕಪಕ್ಕ ಕೆಲಸದವರೆಲ್ಲ ಕೂತು ಕೇಳುತ್ತಿದ್ದರು. ಬೀರಪ್ಪನೂ ಅಲ್ಲೇ ಕೂತಿದ್ದ. ಮುಂದಿನ ಜೂನ್‌ನ ಅರ್ಜಿ ಅವಳ ಕಣ್ಣ ಮುಂದೆ ಬಂತು. ಕೊನೆಗೆ ಅವಳು ಹೇಳಿದ್ದು, "ಹಾಗೇನೂ ಇಲ್ಲ ಅಮ್ಮ."

ಗೇಟಿನವರೆಗೆ ಸವಿತಾ ಜೊತೆಗೆ ಬಂದಳು. ಪುಸ್ತಕದ ಕಟ್ಟನ್ನು ತೆಗೆದುಕೊಳ್ಳಲಿಲ್ಲ. ಅಮ್ಮನಿಗೆ ನೀನಾದರೂ ಯಾಕೆ ನಿಜ ಹೇಳಲಿಲ್ಲ ಎಂದು ವೆರೊನಿಕಾ ಕೇಳಿದಳು. ಕೇಳಿದ ಕೂಡಲೇ ತನ್ನ ನಾಲಿಗೆಯ ಮೇಲೆ ಅವಳಿಗೆ ಹೇಸಿಗೆಯಾಯಿತು.

"ಹೇಳಿದ್ನಿರಿ. ಕಾಗದದಾಗ ಐತಲ್ಲ ಅಂತಾಳ," ಎಂದಳು ಸವಿತಾ. ಆಮೇಲೆ ಬಹಳ ಮೆಲ್ಲಗೆ ಹೇಳಿದಳು. "ಈಗೀಗ ನನಗೂ ಹಂಗ ಅನಸ್ತೈತ್ರಿ ಮೇಡಂ. ನೀವು ಅರವತ್ತು ತಾಸು ಕಲಿಸಿರ್ತೀರಿ, ನನಗ ನೆನಪ ಉಳಿದಿಲ್ಲೇನೋ ಅಂತ."

ಒಳಗಿನಿಂದ ಯಾರೋ ಕರೆದರು. ಅವಳು ಹೋದಳು.

೮

ಪರೀಕ್ಷೆಗೆ ಅವಳು ಬಂದಳೇ, ಪಾಸಾದಳೇ ಎಂದು ನೀವು ಕಾಯುತ್ತಿದ್ದೀರಿ. ನಾನು ಹೇಳುವುದಿಲ್ಲ. ನನಗೆ ಹೇಳಲು ಬರುತ್ತದೆ, ಪಾಸು ಮಾಡಿಸಲೂ ಬರುತ್ತದೆ, ಒಂದು ಸಾಲಿನ ಕೆಲಸ. ಇಪ್ಪತ್ತೆರಡು ಜನರನ್ನು ಒಂದೇ ಷರಾದಲ್ಲಿ ಸುಧಾರಿಸಿದ ಕಥೆಯಲ್ಲಿ ಇನ್ನೊಬ್ಬಳನ್ನು ಸುಧಾರಿಸುವುದು ಎಂತ ಕಷ್ಟ?

ವೆರೊನಿಕಾ ಈಗ ಮಣಿಪಾಲದಲ್ಲಿ, ರಸ್ತೆ ಬದಿಯಲ್ಲಿ, ಪುಸ್ತಕದ ಕಟ್ಟು ಎದೆಗೆ ಹಿಡಿದುಕೊಂಡು ನಿಂತಿದ್ದಾಳೆ. ಉಡುಪಿಗೆ ಹೋಗುವ ಬಸ್ಸು ಬಂತು. ನಾನು ಅವಳನ್ನು ಹತ್ತಿಸಲಿಲ್ಲ. ಹತ್ತಿಸಿದರೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ, ಅವಳ ಕಣ್ಣು ಒದ್ದೆಯಾಗುತ್ತದೆ, ನಾನು ಎರಡು ಸಾಲು ಚೆನ್ನಾಗಿ ಬರೆಯುತ್ತೇನೆ, ನೀವು ಪುಸ್ತಕ ಮುಚ್ಚಿ ಊಟಕ್ಕೆ ಏಳುತ್ತೀರಿ. ಅವಳು ಇನ್ನಂಜೆಗೆ ಹೋಗಿ ತಲುಪುತ್ತಾಳೆ. ಬೇಡ.

ಅವಳು ನಿಂತ ಜಾಗದಿಂದ ಗೇಟು ಕಾಣುತ್ತದೆ. ಊಟದ ಹೊತ್ತು ಇನ್ನೂ ಮುಗಿದಿಲ್ಲ. ತಿರುಗಿ ಹೋಗಿ ಯಂಕವ್ವನಿಗೆ ಆ ಒಂದು ಮಾತು ಹೇಳಿ ಬರಲು ಐದು ನಿಮಿಷ ಸಾಕು.

ಇನ್ನೊಂದು ಬಸ್ಸು ಬಂತು. ಅದಕ್ಕೂ ನಾನು ಅವಳನ್ನು ಹತ್ತಿಸಿಲ್ಲ.